ಕೊಲೆಸ್ಟ್ರಾಲ್ ಮಾತ್ರೆ ಜೊತೆ ಇನ್ನೇನೇನು ನುಂಗ್ತಿದ್ದೀರಿ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಡಾಕ್ಟರು ಕೊಲೆಸ್ಟ್ರಾಲ್‌ಗೆ ಮಾತ್ರೆ ಬರೆದಿದ್ದಾರೆ, ಜೊತೆಗೆ ಇನ್ನೇನೋ ಪುಡಿ, ಕ್ಯಾಪ್ಸೂಲ್, ಕಷಾಯ ನಡೀತಿದೆ, ಒಂದಕ್ಕೊಂದು ಹೊಂದುತ್ತಾ? ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರಲ್ಲ, ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಫಾರ್ಮಸಿಸ್ಟ್. ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದು ನಿಮ್ಮ ಡಾಕ್ಟರಿಗೆ ಸೇರಿದ್ದು. ಎರಡು ಮಾತ್ರೆ ಒಂದೇ ಹೊಟ್ಟೆಗೆ ಇಳಿದಾಗ ಏನಾಗುತ್ತದೆ ಅನ್ನುವುದಷ್ಟೇ ನನ್ನ ಕಸುಬು. ಪತ್ರ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, 67 ವರ್ಷ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 172 ಇತ್ತು. ಡಾಕ್ಟರು ರೋಸುವಾಸ್ಟಾಟಿನ್ 20 ಬರೆದರು, ಮೂರು ತಿಂಗಳಲ್ಲಿ 84ಕ್ಕೆ ಇಳಿಯಿತು. ಆಮೇಲೆ ಅಮೆರಿಕದಲ್ಲಿರುವ ಮಗಳು ನಾಲ್ಕು ಡಬ್ಬಿ ಕಳಿಸಿದಳು: ರೆಡ್ ಈಸ್ಟ್ ರೈಸ್, ಕೋ ಕ್ಯೂ ಟೆನ್, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್. 'ಎಲ್ಲಾ ನ್ಯಾಚುರಲ್ ಅಪ್ಪಾಜಿ, ಮಾತ್ರೆ ಜೊತೆಗೇ ತಗೊಳ್ಳಿ' ಅಂದಳು. ತಗೊಳ್ತಿದ್ದೀನಿ. ಈಚೆಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದರೆ ಎರಡೂ ತೊಡೆ, ಮೀನಖಂಡ ಹಿಡಿದುಕೊಂಡ ಹಾಗಾಗುತ್ತೆ. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೆ. ನಮ್ಮದು ಸಸ್ಯಾಹಾರಿ ಮನೆ, ಒಂದು ಡಬ್ಬಿಯಲ್ಲಿರೋದು ಮೀನೆಣ್ಣೆ ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ.

ಉತ್ತರ: ಮೇಷ್ಟ್ರೇ, ಮೊದಲು ರೆಡ್ ಈಸ್ಟ್ ರೈಸ್ ಡಬ್ಬಿ ಎತ್ತಿಡಿ. ಉಳಿದ ಮೂರರ ಮಾತು ಆಮೇಲೆ.

ಹೆಸರು ನೋಡಿ ನಮ್ಮ ಕೆಂಪಕ್ಕಿ ಅಂದುಕೊಳ್ಳಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಂದ ಅಕ್ಕಿಗೆ ಮೊನಾಸ್ಕಸ್ ಪರ್ಪೂರಿಯಸ್ ಅನ್ನುವ ಬೂಷ್ಟು ಹಿಡಿಸಿ, ಹುದುಗು ಬರಿಸಿ, ಒಣಗಿಸಿದ್ದು ಇದು. ಚೀನಾದಲ್ಲಿ ಶತಮಾನಗಳಿಂದ ಅಡುಗೆಯ ಬಣ್ಣಕ್ಕೆ ಬಳಸುತ್ತಾರೆ. ಆ ಬೂಷ್ಟು ಬೆಳೆಯುತ್ತಾ ಮೊನಾಕೊಲಿನ್ ಕೆ ಅನ್ನುವ ವಸ್ತುವನ್ನು ತಯಾರಿಸುತ್ತದೆ. ಈ ಮೊನಾಕೊಲಿನ್ ಕೆ ಬೇರೆ ಯಾವುದೂ ಅಲ್ಲ, ಲೋವಾಸ್ಟಾಟಿನ್ ಅನ್ನುವ ಔಷಧವೇ. ಒಂದು ಪರಮಾಣುವಿನ ವ್ಯತ್ಯಾಸವೂ ಇಲ್ಲ. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಸ್ಟಾಟಿನ್ ಅದು; ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದಕ್ಕೆ ಅಡ್ಡಗಟ್ಟುವ ಮಾತ್ರೆಗಳ ಕುಟುಂಬವೇ ಸ್ಟಾಟಿನ್, ನಿಮ್ಮ ರೋಸುವಾಸ್ಟಾಟಿನ್ ಕೂಡ ಅದೇ ಕುಟುಂಬದ್ದು. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಜಾಲಾಡಿ ಪೆನಿಸಿಲಿಯಂ ಜಾತಿಯ ಒಂದರಲ್ಲಿ ಈ ಇಡೀ ಕುಟುಂಬದ ಮೂಲಪುರುಷನನ್ನು ಕಂಡುಹಿಡಿದಿದ್ದರು. ಹಾಗಾಗಿ 'ಕೆಮಿಕಲ್' ಅಂತ ನಾವು ಹೆದರುವ ಮಾತ್ರೆಯ ವಂಶ ಹುಟ್ಟಿದ್ದು ಬೂಷ್ಟಿನಿಂದ, 'ನ್ಯಾಚುರಲ್' ಅಂತ ನಂಬಿದ ಡಬ್ಬಿಯೊಳಗೆ ಕೂತಿರುವುದು ಮಾತ್ರೆ.

ನೀವೀಗ ಎರಡು ಸ್ಟಾಟಿನ್ ನುಂಗುತ್ತಿದ್ದೀರಿ. ಒಂದು ಡಾಕ್ಟರು ಅಳೆದು ಕೊಟ್ಟಿದ್ದು. ಇನ್ನೊಂದರ ಅಳತೆ ಡಬ್ಬಿಯ ಮೇಲೂ ಇರುವುದಿಲ್ಲ. ಮೊನಾಕೊಲಿನ್ ಪ್ರಮಾಣ ಒಂದು ಕಂಪನಿಯಿಂದ ಇನ್ನೊಂದಕ್ಕೆ ಎಷ್ಟೋ ಪಟ್ಟು ಹೆಚ್ಚುಕಡಿಮೆ. ಮೆಕ್ಕೆಜೋಳಕ್ಕೆ ನೀವು ಯೂರಿಯಾ ಹಾಕಿ ಬಂದ ಮೇಲೆ, ಪಕ್ಕದ ಹೊಲದವರು ಪ್ರೀತಿಯಿಂದ ಇನ್ನೊಂದು ಸಲ ಹಾಕಿ, ಎಷ್ಟು ಹಾಕಿದೆ ಅಂತ ಹೇಳದೆ ಹೋದ ಹಾಗಿದೆ ಇದು. ಐರೋಪ್ಯ ಒಕ್ಕೂಟ 2022ರಲ್ಲಿ ದಿನಕ್ಕೆ 3 ಮಿಲಿಗ್ರಾಂಗಿಂತ ಕಡಿಮೆ ಮೊನಾಕೊಲಿನ್ ಇರಬೇಕು ಅಂತ ಮಿತಿ ಹಾಕಿತು. ಕೊಲೆಸ್ಟ್ರಾಲ್ ಇಳಿಸುವ ಔಷಧ ತಗೊಳ್ಳುವವರು, 70 ದಾಟಿದವರು ಬಳಸಬಾರದು ಅಂತ ಡಬ್ಬಿಯ ಮೇಲೆ ಅಚ್ಚಾಗಬೇಕು ಅಂತಲೂ ಹೇಳಿತು. 2024ರಲ್ಲಿ ಜಪಾನಿನಲ್ಲಿ ಇದೇ ಬೂಷ್ಟಕ್ಕಿಯ ಒಂದು ಸಪ್ಲಿಮೆಂಟ್ ತಿಂದವರ ಕಿಡ್ನಿ ಹಾಳಾಗಿ ಗದ್ದಲವಾಯಿತು. ತಯಾರಿಕೆಯಲ್ಲಿ ಬೇರೊಂದು ಬೂಷ್ಟು ಸೇರಿ, ಅದರ ವಿಷ ಒಳಹೊಕ್ಕಿತ್ತು.

ಕಾಲಿನ ವಿಷಯ. ಸ್ಟಾಟಿನ್‌ನಿಂದ ಬರುವ ಮಾಂಸಖಂಡದ ನೋವು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ, ತೊಡೆ, ಸೊಂಟ, ಮೀನಖಂಡದಂಥ ದೊಡ್ಡ ಖಂಡಗಳಲ್ಲಿ ಬರುತ್ತದೆ. ನಿಮ್ಮ ವರ್ಣನೆ ಅದಕ್ಕೆ ಹೊಂದುತ್ತದೆ, ಆದರೆ ನಡೆದಾಗ ಮಾತ್ರ ಹಿಡಿದುಕೊಂಡು ನಿಂತರೆ ಬಿಡುವ ನೋವು ಕಾಲಿನ ರಕ್ತನಾಳ ಕಟ್ಟಿದ್ದರಿಂದಲೂ ಬರಬಹುದು. ಆದ್ದರಿಂದ ವಯಸ್ಸಿನ ತಲೆಗೆ ಕಟ್ಟಿ ಕೂರಬೇಡಿ. ಈ ವಾರದೊಳಗೆ ನಾಲ್ಕೂ ಡಬ್ಬಿ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ಅವರು ಸಿಪಿಕೆ (ಮಾಂಸಖಂಡಕ್ಕೆ ಪೆಟ್ಟಾಗಿದೆಯೇ ಅಂತ ತೋರಿಸುವ ರಕ್ತಪರೀಕ್ಷೆ), ಕಿಡ್ನಿ, ಲಿವರ್, ಥೈರಾಯ್ಡ್ ನೋಡಬಹುದು. ರೋಸುವಾಸ್ಟಾಟಿನ್ ಎಷ್ಟು ಮುಂದುವರಿಸಬೇಕು ಅನ್ನುವುದನ್ನು ಅವರೇ ಹೇಳಲಿ. ನಮ್ಮಂಥ ಏಷ್ಯಾದವರ ರಕ್ತದಲ್ಲಿ ಈ ಔಷಧದ ಮಟ್ಟ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಏರುತ್ತದೆ ಅನ್ನುವ ಕಾರಣಕ್ಕೆ, ಅಮೆರಿಕದಲ್ಲಿ ಏಷ್ಯಾ ಮೂಲದವರಿಗೆ 5 ಮಿಲಿಗ್ರಾಂನಿಂದ ಶುರುಮಾಡಿ ಅಂತ ಬರೆದಿರುತ್ತಾರೆ. ಈ ನಡುವೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕುರ್ಚಿಯಿಂದ ಏಳಲು ಆಗದಷ್ಟು ನಿಶ್ಶಕ್ತಿ ಬಂದರೆ, ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಾಂಸಖಂಡ ಒಡೆದು ಅದರ ಕಸ ಕಿಡ್ನಿಯಲ್ಲಿ ಕಟ್ಟಿಕೊಳ್ಳುವ ಲಕ್ಷಣ ಅದು. ಅಪರೂಪ, ಆದರೆ ಬಂದರೆ ತಡಮಾಡುವಂಥದ್ದಲ್ಲ.

ಕೋ ಕ್ಯೂ ಟೆನ್ ಬಗ್ಗೆ. ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ದಾರಿಯಲ್ಲೇ ಇದೂ ತಯಾರಾಗುತ್ತದೆ. ಸ್ಟಾಟಿನ್ ಆ ದಾರಿಗೆ ಅಡ್ಡಗಟ್ಟುವುದರಿಂದ ರಕ್ತದಲ್ಲಿ ಇದರ ಮಟ್ಟ ಇಳಿಯುವುದು ನಿಜ. ಅದನ್ನು ಹೊರಗಿಂದ ಕೊಟ್ಟರೆ ನೋವು ಹೋಗುತ್ತದೆಯೇ ಅಂತ ನೋಡಿದ ಪ್ರಯೋಗಗಳಲ್ಲಿ ಕೆಲವು ಹೌದು ಅಂದವು, ಕೆಲವು ಇಲ್ಲ ಅಂದವು. ನಿಮಗೆ ಇದರಿಂದ ಕೇಡಿಲ್ಲ, ಮಗಳ ದುಡ್ಡು ಹೋಗುತ್ತದೆ ಅಷ್ಟೇ. ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಮುಟ್ಟಬಾರದು. ಇದರ ರಚನೆ ವಿಟಮಿನ್ ಕೆ ಹೋಲುವುದರಿಂದ ಆ ಮಾತ್ರೆಯ ಕೆಲಸಕ್ಕೆ ಅಡ್ಡಬರಬಹುದು.

ಮೀನೆಣ್ಣೆ, ಬೆಳ್ಳುಳ್ಳಿ ಎರಡಕ್ಕೂ ಒಂದೇ ಉತ್ತರ. 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಸುಮಾರು 200 ಮಂದಿಯನ್ನು ಗುಂಪು ಮಾಡಿ, ಕೆಲವರಿಗೆ ರೋಸುವಾಸ್ಟಾಟಿನ್ ಬರೀ 5 ಮಿಲಿಗ್ರಾಂ, ಕೆಲವರಿಗೆ ಹುಸಿಗುಳಿಗೆ (ಔಷಧವೇ ಇಲ್ಲದ ಮಾತ್ರೆ), ಉಳಿದವರಿಗೆ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ರೆಡ್ ಈಸ್ಟ್ ರೈಸ್ ಹೀಗೆ ಒಂದೊಂದು ಸಪ್ಲಿಮೆಂಟ್ ಕೊಟ್ಟರು. 28 ದಿನದಲ್ಲಿ ಮಾತ್ರೆಯ ಗುಂಪಿನಲ್ಲಿ ಎಲ್‌ಡಿಎಲ್ ಸುಮಾರು ಶೇ 38ರಷ್ಟು ಇಳಿಯಿತು. ಸಪ್ಲಿಮೆಂಟುಗಳಲ್ಲಿ ಯಾವುದೂ ಹುಸಿಗುಳಿಗೆಗಿಂತ ಮೇಲೆ ಹೋಗಲಿಲ್ಲ. ಬೆಳ್ಳುಳ್ಳಿ ಗುಂಪಿನಲ್ಲಿ ಎಲ್‌ಡಿಎಲ್ ಏರಿತ್ತು! ಇದು ಕ್ಯಾಪ್ಸೂಲಿನ ಮಾತು, ಸಾರಿನ ಒಗ್ಗರಣೆಯ ಮಾತಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಗೊಳ್ಳುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ನುಂಗುತ್ತಿದ್ದರೆ ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ತಪ್ಪದೆ ಹೇಳಬೇಕು, ರಕ್ತ ನಿಲ್ಲುವುದು ತಡವಾಗಬಹುದು.

ಮನೆಯವರಿಗೆ ಮೀನೆಣ್ಣೆಯ ಸುದ್ದಿ ಹೇಗೆ ಮುಟ್ಟಿಸುವುದು ಅನ್ನುವುದು ನನ್ನ ಕಸುಬಿಗೆ ಸೇರಿದ್ದಲ್ಲ. ಹೇಳುವುದೇ ಆದರೆ ಪೂರ್ತಿ ಹೇಳಿಬಿಡಿ: ಮೆತ್ತನೆಯ ಕ್ಯಾಪ್ಸೂಲುಗಳ ಹೊರಕವಚ ಬಹುಮಟ್ಟಿಗೆ ಜೆಲಾಟಿನ್, ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರುವುದು. ಕೋ ಕ್ಯೂ ಟೆನ್ ಡಬ್ಬಿಯನ್ನೂ ತಿರುಗಿಸಿ ಓದಿ.

ಪ್ರಶ್ನೆ: ನಮ್ಮದು ಬೆಣ್ಣೆದೋಸೆ ಹೋಟೆಲ್. ಬಾಗಿಲು ಹಾಕಿ ಊಟ ಮಾಡುವಷ್ಟರಲ್ಲಿ ರಾತ್ರಿ ಹನ್ನೊಂದು. ಎದೆ ಉರಿ ಅಂತ ಗುಲಾಬಿ ಬಣ್ಣದ ಆಂಟಾಸಿಡ್ ಎರಡು ಮುಚ್ಚಳ ಕುಡಿದು, ಅದರ ಹಿಂದೇ ರೋಸುವಾಸ್ಟಾಟಿನ್ ನುಂಗಿ ಮಲಗ್ತೀನಿ. ಮಾತ್ರೆ ಕೆಲಸ ಮಾಡ್ತಿಲ್ಲ ಅಂತಾರೆ ಡಾಕ್ಟರು.

ಉತ್ತರ: ಅಣ್ಣಾ, ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಜೊತೆಯಲ್ಲೇ ಹೋದರೆ ರೋಸುವಾಸ್ಟಾಟಿನ್ ರಕ್ತಕ್ಕೆ ಸೇರುವುದು ಅರ್ಧದಷ್ಟಕ್ಕೆ ಇಳಿಯುತ್ತದೆ. ಮಾತ್ರೆ ಮೊದಲು, ಎರಡು ಗಂಟೆ ಬಿಟ್ಟು ಆಂಟಾಸಿಡ್. ನಿಮ್ಮ ಹೊತ್ತಿಗೆ ಅದು ಆಗದ ಮಾತು, ಅಲ್ಲಿಯವರೆಗೆ ನೀವು ಎದ್ದಿರುವುದಿಲ್ಲ. ಆದ್ದರಿಂದ ಮಾತ್ರೆಯನ್ನು ಬೆಳಿಗ್ಗೆಗೆ ಹಾಕಿಕೊಳ್ಳಬಹುದೇ ಅಂತ ಡಾಕ್ಟರನ್ನು ಕೇಳಿ. ರೋಸುವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಎರಡೂ ದೇಹದಲ್ಲಿ ಬಹಳ ಹೊತ್ತು ಉಳಿಯುವಂಥವು, ರಾತ್ರಿಯೇ ಆಗಬೇಕೆಂಬ ನಿಯಮವಿಲ್ಲ. ಸಿಮ್ವಾಸ್ಟಾಟಿನ್‌ಗೆ ಮಾತ್ರ ರಾತ್ರಿಯೇ ಸರಿ. ಇನ್ನು ದಿನಾ ಎದೆ ಉರಿಯುತ್ತದೆ ಅಂದರೆ ಅದನ್ನೇ ಒಮ್ಮೆ ತೋರಿಸಿ. ಕೊಲೆಸ್ಟ್ರಾಲ್ ಇರುವವರ ಎದೆ ಉರಿಯೆಲ್ಲ ಹೊಟ್ಟೆಯದ್ದೇ ಆಗಿರಬೇಕಿಲ್ಲ. ಬೆಣ್ಣೆಯ ವಿಷಯ ನಾನೇನೂ ಹೇಳುವುದಿಲ್ಲ, ನಿಮ್ಮ ಗಿರಾಕಿಗಳಲ್ಲಿ ನಾನೂ ಒಬ್ಬಳಿರಬಹುದು.

ಪ್ರಶ್ನೆ: ಅಕ್ಕಾ, ನಾನು ಹರಿಹರದವಳು, 48 ವರ್ಷ. ಥೈರಾಯ್ಡ್ ಮಾತ್ರೆ 75, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಅಟೊರ್ವಾಸ್ಟಾಟಿನ್ 20, ಕೂದಲು ಉದುರುತ್ತೆ ಅಂತ ಬಯೋಟಿನ್. ಮರೆತುಹೋಗುತ್ತೆ ಅಂತ ಬೆಳಿಗ್ಗೆ ಎಲ್ಲಾ ಅಂಗೈಲಿ ಹಾಕ್ಕೊಂಡು ಕಾಫಿ ಜೊತೆ ಒಂದೇ ಸಲ ನುಂಗ್ತೀನಿ. ಎಲ್‌ಡಿಎಲ್ 150ರಿಂದ ಕೆಳಗೆ ಬರ್ತಾ ಇಲ್ಲ, ಟಿಎಸ್‌ಎಚ್ 11, ಮೈಕೈ ನೋವು ಬೇರೆ. ಕೊಲೆಸ್ಟ್ರಾಲ್ ಮಾತ್ರೆ ನಂಗೆ ಒಗ್ಗಲ್ಲ ಅನ್ಸುತ್ತೆ, ಬಿಡ್ಲಾ?

ಉತ್ತರ: ಬಿಡಬೇಡ ತಂಗೀ. ನಿನ್ನ ಪತ್ರ ಓದಿ ನನಗೆ ಅನ್ನಿಸಿದ್ದು, ತಪ್ಪು ಹೊರಿಸಬೇಕಾದದ್ದು ಅಟೊರ್ವಾಸ್ಟಾಟಿನ್ ಮೇಲಲ್ಲ, ಆ ಒಂದು ಗುಟುಕು ಕಾಫಿಯ ಮೇಲೆ.

ನಿನ್ನ ಥೈರಾಯ್ಡ್ ಮಾತ್ರೆ, ಅಂದರೆ ಥೈರಾಕ್ಸಿನ್, ಬಹಳ ನಾಜೂಕಿನದು. ಕ್ಯಾಲ್ಸಿಯಂ ಆಗಲಿ ಕಬ್ಬಿಣವಾಗಲಿ ಕರುಳಿನಲ್ಲಿ ಅದನ್ನು ಹಿಡಿದು ರಕ್ತಕ್ಕೆ ಹೋಗದಂತೆ ಮಾಡುತ್ತವೆ. ಕಾಫಿಯೂ ಅಷ್ಟೇ. ನೀನು 75 ನುಂಗುತ್ತೀಯ, ಒಳಗೆ ಸೇರುವುದು ಅದಕ್ಕಿಂತ ಎಷ್ಟೋ ಕಡಿಮೆ. ಟಿಎಸ್‌ಎಚ್ 11 ಅದನ್ನೇ ಹೇಳುತ್ತಿದೆ; ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ಏರುವ ಅಂಕಿ ಅದು. ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಲಿವರಿನ ಗ್ರಾಹಕಗಳು ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಮೇಲೆ ಎಷ್ಟು ಸ್ಟಾಟಿನ್ ಸುರಿದರೂ ಅಷ್ಟಕ್ಕಷ್ಟೇ. ಥೈರಾಯ್ಡ್ ಕಡಿಮೆಯಿದ್ದಾಗ ಮೈಕೈ ನೋವು ತಾನಾಗಿಯೇ ಬರುತ್ತದೆ, ಸ್ಟಾಟಿನ್ ಮಾಂಸಖಂಡಕ್ಕೆ ತೊಂದರೆ ಕೊಡುವ ಸಂಭವವೂ ಏರುತ್ತದೆ. ನೋವು ಬಂದ ಕೂಡಲೇ ಕೊಲೆಸ್ಟ್ರಾಲ್ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುವ ಹೆಂಗಸರನ್ನು ಅಂಗಡಿಯಲ್ಲಿ ನೋಡುತ್ತಲೇ ಇರುತ್ತೇನೆ, ಥೈರಾಕ್ಸಿನ್ ಸ್ಟ್ರಿಪ್ ಮಾತ್ರ ಕಾಫಿ ಡಬ್ಬಿ ಪಕ್ಕದಲ್ಲೇ ಇರುತ್ತದೆ.

ಹೀಗೆ ಮಾಡಿ ನೋಡು. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ಥೈರಾಕ್ಸಿನ್. ಮುಕ್ಕಾಲು ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ. ಸಂಜೆ ಕಬ್ಬಿಣ, ನಿಂಬೆಹಣ್ಣಿನ ಪಾನಕದ ಜೊತೆ ಆದರೆ ಒಳ್ಳೆಯದು, ಟೀ ಜೊತೆ ಬೇಡ. ಅಟೊರ್ವಾಸ್ಟಾಟಿನ್ ರಾತ್ರಿ. ಥೈರಾಕ್ಸಿನ್‌ಗೂ ಕ್ಯಾಲ್ಸಿಯಂ, ಕಬ್ಬಿಣಕ್ಕೂ ನಡುವೆ ನಾಲ್ಕು ಗಂಟೆ ಅಂತರ ಇರಲೇಬೇಕು. ಮರೆಯುತ್ತೆ ಅಂತೀಯಲ್ಲ, ಥೈರಾಕ್ಸಿನ್ ಸ್ಟ್ರಿಪ್ಪನ್ನು ಹಲ್ಲುಜ್ಜುವ ಬ್ರಷ್ ಪಕ್ಕ ಇಡು. ಹೊತ್ತು ಬದಲಾಯಿಸಿದ್ದನ್ನು ಡಾಕ್ಟರಿಗೆ ಹೇಳಿ, ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್, ಲಿಪಿಡ್ ಎರಡೂ ಮಾಡಿಸು. ಇದನ್ನು ಹೇಳದೆ ಹೋದರೆ ಅವರು ಥೈರಾಕ್ಸಿನ್ ಡೋಸ್ ಏರಿಸುತ್ತಾರೆ. ಆಮೇಲೆ ನೀನು ಸರಿಯಾಗಿ ನುಂಗಲು ಶುರುಮಾಡಿದರೆ ಅದು ಅತಿಯಾಗಿ ಎದೆ ಡವಡವ ಅನ್ನುತ್ತದೆ.

ಆ ಬಯೋಟಿನ್ ಇದೆಯಲ್ಲ, ಅದರದ್ದು ಬೇರೆಯೇ ತಂಟೆ. ಮಾತ್ರೆಗೆ ಅಡ್ಡಬರುವುದಿಲ್ಲ, ರಕ್ತಪರೀಕ್ಷೆಗೆ ಅಡ್ಡಬರುತ್ತದೆ. ಹಲವು ಲ್ಯಾಬುಗಳ ಯಂತ್ರಗಳು ಹಾರ್ಮೋನ್ ಅಳೆಯುವ ವಿಧಾನದಲ್ಲಿ ಬಯೋಟಿನ್ ಅನ್ನೇ ಬಳಸುತ್ತವೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಅಂದರೆ ನಿನ್ನ 11 ನಿಜಕ್ಕೂ ಇನ್ನೂ ಹೆಚ್ಚಿರಬಹುದು. ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಪರೀಕ್ಷೆಯನ್ನೂ ಇದು ದಾರಿ ತಪ್ಪಿಸಬಲ್ಲದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸು, ರಕ್ತ ತೆಗೆಯುವ ಹುಡುಗಿಗೂ ಹೇಳು. ಅಂದಹಾಗೆ, ಕೂದಲು ಉದುರುತ್ತಿರುವುದೂ ಥೈರಾಯ್ಡ್‌ನಿಂದಲೇ ಇರಬಹುದು.

ಪ್ರಶ್ನೆ: ಚಿತ್ರದುರ್ಗದಲ್ಲಿರುವ ನಮ್ಮ ತಂದೆ ಬಿಪಿಗೆ ಡಿಲ್ಟಿಯಾಜೆಮ್, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ ತಗೊಳ್ತಾರೆ. ಮಂಡಿ ನೋವಿಗೆ ಯೋಗರಾಜ ಗುಗ್ಗುಳು. ಗುಗ್ಗುಳು ಕೊಲೆಸ್ಟ್ರಾಲ್‌ಗೂ ಒಳ್ಳೆಯದು ಅಂತ ಅದನ್ನೇ ಜಾಸ್ತಿ ಮಾಡಿದ್ದಾರೆ. ಕೊರೊನಾ ಕಾಲದಿಂದ ಅಮೃತಬಳ್ಳಿ ಕಷಾಯವೂ ನಿಂತಿಲ್ಲ. ಹೇಳಿದರೆ, ಆಯುರ್ವೇದಕ್ಕೆ ಸೈಡ್ ಎಫೆಕ್ಟ್ ಇಲ್ಲ ಅಂತಾರೆ.

ಉತ್ತರ: ಗುಗ್ಗುಳನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಅದಕ್ಕೆ ಒಳ್ಳೆಯ ಚರಿತ್ರೆ ಇದೆ. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿಯವರು ಸುಶ್ರುತ ಹೇಳಿದ ಮೇದೋರೋಗದ (ಮೈಯಲ್ಲಿ ಕೊಬ್ಬು ಹೆಚ್ಚುವ ಕಾಯಿಲೆ) ವರ್ಣನೆಯನ್ನು ಹಿಡಿದು ಗುಗ್ಗುಳಿನ ಮೇಲೆ ಸಂಶೋಧನೆ ಮಾಡಿದರು. ಅವರು ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕಿಯಾದರು. ಆ ಕೆಲಸದ ಬೆನ್ನಿಗೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಳಿನ ಸಾರ ತೆಗೆದು, 1980ರ ದಶಕದಲ್ಲಿ ಅದು ಕೊಲೆಸ್ಟ್ರಾಲ್ ಔಷಧವಾಗಿಯೇ ಮಾರುಕಟ್ಟೆಗೆ ಬಂತು. ಆದರೆ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎಂಟು ವಾರದ ಪ್ರಯೋಗದಲ್ಲಿ ಗುಗ್ಗುಳಿನ ಸಾರ ತಗೊಂಡವರ ಎಲ್‌ಡಿಎಲ್ ಇಳಿಯುವ ಬದಲು ಶೇ 4-5ರಷ್ಟು ಏರಿತು, ಕೆಲವರಿಗೆ ಮೈಮೇಲೆ ದದ್ದು ಎದ್ದಿತು. ಆದ್ದರಿಂದ ಕೊಲೆಸ್ಟ್ರಾಲ್‌ಗಾಗಿ ಅದನ್ನು ಜಾಸ್ತಿ ಮಾಡುವುದಕ್ಕೆ ಆಧಾರ ಗಟ್ಟಿಯಿಲ್ಲ.

ನನಗೆ ಹೆಚ್ಚು ಚಿಂತೆ ಡಿಲ್ಟಿಯಾಜೆಮ್‌ನದು. ಗುಗ್ಗುಳಿನ ಸಾರದ ಜೊತೆ ಅದನ್ನು ಕೊಟ್ಟು ನೋಡಿದಾಗ ರಕ್ತದಲ್ಲಿ ಡಿಲ್ಟಿಯಾಜೆಮ್ ಮಟ್ಟ ಇಳಿದದ್ದು ದಾಖಲಾಗಿದೆ, ಬಿಪಿಗೆ ಕೊಡುವ ಇನ್ನೊಂದು ಮಾತ್ರೆ ಪ್ರೊಪ್ರನೊಲಾಲ್‌ಗೂ ಹಾಗೇ. ತಂದೆಯವರ ಬಿಪಿ ಈಚೆಗೆ ಏರಿದೆಯೇ, ನೋಡಿ. ಅದಲ್ಲದೆ ಡಿಲ್ಟಿಯಾಜೆಮ್ ತಾನೇ ಅಟೊರ್ವಾಸ್ಟಾಟಿನ್ ಮಟ್ಟವನ್ನು ಏರಿಸುವ ಔಷಧ. ಡಾಕ್ಟರು ಅದನ್ನು ಲೆಕ್ಕ ಹಾಕಿಯೇ ಡೋಸ್ ಇಟ್ಟಿರುತ್ತಾರೆ. ಗುಗ್ಗುಳು ಅವರ ಲೆಕ್ಕದಲ್ಲಿ ಇಲ್ಲ.

ಅಮೃತಬಳ್ಳಿ: ತಿಂಗಳುಗಟ್ಟಲೆ ಕುಡಿದವರಲ್ಲಿ ಲಿವರ್ ಊತ ಬಂದದ್ದನ್ನು ಮುಂಬೈ ಮುಂತಾದ ಕಡೆಯ ಲಿವರ್ ತಜ್ಞರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ, ಬಳ್ಳಿಯ ಗುರುತೇ ತಪ್ಪಿರಬಹುದು, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂತ ತಕರಾರು ತೆಗೆಯಿತು. ಅವರ ಮಾತೇ ಸರಿ ಅಂದುಕೊಂಡರೂ ಬೇಲಿಯಿಂದ ಕಿತ್ತು ತರುವ ನಮಗೆ ಸಮಾಧಾನ ಎಲ್ಲಿ? ಸ್ಟಾಟಿನ್ ತಗೊಳ್ಳುವವರ ಎಸ್‌ಜಿಪಿಟಿ (ಲಿವರ್ ಪರೀಕ್ಷೆಯ ಒಂದು ಅಂಕಿ) ಏರಿದರೆ ಬೈಸಿಕೊಳ್ಳುವುದು ಮಾತ್ರೆ. ಕಷಾಯ ನಿಲ್ಲಿಸಿ, ಲಿವರ್ ಪರೀಕ್ಷೆ ಒಂದು ಮಾಡಿಸಿ. ಗುಗ್ಗುಳು ಕೊಟ್ಟ ವೈದ್ಯರಿಗೆ ಅಲೋಪತಿ ಚೀಟಿ ತೋರಿಸಿ, ಅಲೋಪತಿ ಡಾಕ್ಟರಿಗೆ ಗುಗ್ಗುಳಿನ ಡಬ್ಬಿ ತೋರಿಸಿ. ಸೈಡ್ ಎಫೆಕ್ಟ್ ಇಲ್ಲ ಅನ್ನುವ ಮಾತನ್ನು ಓದಿಕೊಂಡ ಆಯುರ್ವೇದ ವೈದ್ಯರ ಬಾಯಲ್ಲಿ ನಾನಂತೂ ಕೇಳಿಲ್ಲ. ಅದನ್ನು ಹೇಳುವುದು ಟಿವಿ.

ಪ್ರಶ್ನೆ: ಚನ್ನಗಿರಿ ಕಡೆ ಅಡಿಕೆ ತೋಟ. ಸ್ಟೆಂಟ್ ಹಾಕಿಸಿಕೊಂಡು ಅಟೊರ್ವಾಸ್ಟಾಟಿನ್ 80 ತಗೊಳ್ತಿದ್ದೀನಿ. ತೊಡೆಸಂದಿಲಿ ಹುಳುಕಡ್ಡಿ ಆಗಿ ಮೆಡಿಕಲ್‌ನವರು ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೊಟ್ಟರು. ಇದೂ ಅದೂ ಒಟ್ಟಿಗೆ ನಡೆಯುತ್ತಾ?

ಉತ್ತರ: ಪತ್ರಿಕೆ ಅಚ್ಚಾಗುವವರೆಗೆ ಕಾಯುವ ಪ್ರಶ್ನೆಯಲ್ಲ, ಆದ್ದರಿಂದ ಇವರಿಗೆ ಫೋನಿನಲ್ಲೇ ಉತ್ತರ ಹೇಳಿದ್ದಾಯಿತು. ಇಲ್ಲಿ ಹಾಕಿರುವುದು ಉಳಿದವರಿಗಾಗಿ. ಇದು ಸಪ್ಲಿಮೆಂಟ್ ಅಲ್ಲ ನಿಜ, ಆದರೆ ಈ ಕಂತಿನಲ್ಲಿ ಬಂದ ಎಲ್ಲ ಜೋಡಿಗಳಲ್ಲಿ ಅಪಾಯದ್ದು ಇದೇ.

ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ಎರಡನ್ನೂ ಒಡೆದು ಹೊರಗೆ ಹಾಕುವುದು ಕರುಳು ಮತ್ತು ಲಿವರಿನಲ್ಲಿರುವ ಸಿಪ್ 3ಎ4 ಅನ್ನುವ ಕಿಣ್ವ. ಇಟ್ರಾಕೊನಜೋಲ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸ್ಟಾಟಿನ್ ಹೊರಹೋಗದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ, ಮಾಂಸಖಂಡ ಒಡೆಯುವ ಅಪಾಯ ಶುರುವಾಗುತ್ತದೆ. ಇಟ್ರಾಕೊನಜೋಲ್ ಜೊತೆ ಸಿಮ್ವಾಸ್ಟಾಟಿನ್ ಕೂಡದೇ ಕೂಡದು, ಅಟೊರ್ವಾಸ್ಟಾಟಿನ್ 20 ಮಿಲಿಗ್ರಾಂ ದಾಟಬಾರದು. ಇವರು ತಗೊಳ್ಳುತ್ತಿದ್ದದ್ದು 80. ಕೆಮ್ಮು, ಕಫಕ್ಕೆ ಕೊಡುವ ಕ್ಲಾರಿತ್ರೊಮೈಸಿನ್‌ದೂ ಇದೇ ಕಥೆ. ಹುಳುಕಡ್ಡಿಗೆ ಬೇರೆ ಔಷಧಗಳಿವೆ, ಟರ್ಬಿನಾಫಿನ್‌ಗೆ ಅಟೊರ್ವಾಸ್ಟಾಟಿನ್ ಜೊತೆ ಈ ಜಗಳ ಇಲ್ಲ. ಆಯ್ಕೆ ಚರ್ಮದ ಡಾಕ್ಟರದ್ದು. ಚೀಟಿ ಇಲ್ಲದೆ ಇಟ್ರಾಕೊನಜೋಲ್ ಕೊಡುವ ನನ್ನ ಕಸುಬಿನವರಿಗೆ ಹೇಳುವುದು ಇಷ್ಟೇ: ಕೊಡುವ ಮುಂಚೆ 'ಹಾರ್ಟಿಗೆ ಏನಾದರೂ ತಗೊಳ್ತೀರಾ' ಅಂತ ಕೇಳುವುದಕ್ಕೆ ದುಡ್ಡು ಖರ್ಚಾಗುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಈ ಗೊಂದಲಕ್ಕೆ ಹೆದರಿ ಅಟೊರ್ವಾಸ್ಟಾಟಿನ್ ತಾವಾಗಿಯೇ ನಿಲ್ಲಿಸಬಾರದು, ಹೃದಯದ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ಓದಿದೆ. ನಮ್ಮ ಹಿತ್ತಲಲ್ಲಿ ಚಕ್ಕೋತ ಇದೆ. ಅದೂ ಹಾಗೇನಾ? (ಹೊಳಲ್ಕೆರೆ)

ಉತ್ತರ: ಹಾಗೇ. ಎರಡೂ ಹತ್ತಿರದ ನೆಂಟರು, ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಎರಡರಲ್ಲೂ ಫ್ಯುರಾನೊಕೌಮರಿನ್ ಅನ್ನುವ ವಸ್ತುಗಳಿವೆ, ಮೇಲೆ ಹೇಳಿದ ಅದೇ ಕಿಣ್ವವನ್ನು ಕರುಳಿನಲ್ಲಿ ಕೆಡಿಸುತ್ತವೆ. ಇದು ಗೊತ್ತಾದದ್ದೇ ಆಕಸ್ಮಿಕವಾಗಿ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಒಂದು ಬಿಪಿ ಮಾತ್ರೆಗೂ ಮದ್ಯಕ್ಕೂ ಏನು ಸಂಬಂಧ ಅಂತ ನೋಡುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದರು, ಮಾತ್ರೆಯ ಮಟ್ಟ ವಿಪರೀತ ಏರಿತು. ಕಾರಣ ಮದ್ಯವಲ್ಲ, ರಸ. 1989ರಲ್ಲಿ ಪ್ರಕಟಿಸಿದರು. ಕೆಟ್ಟ ಕಿಣ್ವ ಮತ್ತೆ ಹುಟ್ಟಲು ಒಂದು ದಿನಕ್ಕೂ ಹೆಚ್ಚು ಬೇಕು. ಆದ್ದರಿಂದ 'ಹಣ್ಣು ಬೆಳಿಗ್ಗೆ, ಮಾತ್ರೆ ರಾತ್ರಿ' ಅನ್ನುವ ಉಪಾಯ ಇಲ್ಲಿ ನಡೆಯುವುದಿಲ್ಲ. ಸಿಮ್ವಾಸ್ಟಾಟಿನ್ ಇದ್ದರೆ ಚಕ್ಕೋತ ಬಿಡಿ. ಅಟೊರ್ವಾಸ್ಟಾಟಿನ್ ಇದ್ದರೆ ಹಬ್ಬಕ್ಕೆ ನಾಲ್ಕು ತೊಳೆ ತಿಂದರೆ ಗಾಬರಿ ಬೇಡ, ದಿನಾ ಜ್ಯೂಸ್ ಬೇಡ. ರೋಸುವಾಸ್ಟಾಟಿನ್ ಇದ್ದರೆ ಈ ತೊಂದರೆ ಇಲ್ಲ. ಮೂಸಂಬಿ, ನಾಗಪುರದ ಕಿತ್ತಳೆ ಎಲ್ಲರೂ ತಿನ್ನಬಹುದು.

ಪ್ರಶ್ನೆ: ಸಪ್ಲಿಮೆಂಟ್ ಬೇಡ ಬೇಡ ಅಂತೀರಿ. ನಿಮ್ಮ ಅಂಗಡಿ ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿರೋದೇನು ಮೇಡಂ?

ಉತ್ತರ: ಸಪ್ಲಿಮೆಂಟೇ. ಮಾರುತ್ತೇನೆ. ಅಟೊರ್ವಾಸ್ಟಾಟಿನ್‌ಗೆ ಸರ್ಕಾರ ಬೆಲೆಯ ಮಿತಿ ಹಾಕಿದೆ, ಆ ಡಬ್ಬಿಗಳಿಗೆ ಇಲ್ಲ; ಅದರಲ್ಲಿ ನನಗೆ ಸಿಗುವ ಲಾಭವೂ ಹೆಚ್ಚು. ಕೊರತೆ ಇರುವವರಿಗೆ ಕಬ್ಬಿಣ, ಬಿ12, ವಿಟಮಿನ್ ಡಿ ಬೇಕೇ ಬೇಕು, ಸಸ್ಯಾಹಾರಿಗಳಿಗೆ ಬಿ12 ಅಂತೂ ಬೇಕು. ಆದರೆ ಡಬ್ಬಿ ತಿರುಗಿಸಿ ನೋಡುವುದನ್ನು ಕಲಿಯಿರಿ. ಔಷಧ ತಯಾರಾಗುವುದು 1940ರ ಔಷಧ ಕಾಯ್ದೆಯ ಕೆಳಗೆ, ಸಪ್ಲಿಮೆಂಟ್ ತಯಾರಾಗುವುದು ಆಹಾರದ ಕಾಯ್ದೆಯ ಕೆಳಗೆ. ಅದಕ್ಕೇ ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರುತ್ತದೆ, ಔಷಧವಾಗಿ ಬಳಸುವುದಕ್ಕಲ್ಲ ಅನ್ನುವ ಸಾಲು ಸಣ್ಣ ಅಕ್ಷರದಲ್ಲಿರುತ್ತದೆ. ಮುಂದೆ ಹೃದಯದ ಚಿತ್ರ ದೊಡ್ಡದಾಗಿರುತ್ತದೆ. ಅರಿಶಿನದ ಕ್ಯಾಪ್ಸೂಲಿನಲ್ಲಿ ಕರಿಮೆಣಸಿನ ಪೈಪರಿನ್ ಸೇರಿಸಿದ್ದಾರೆಯೇ ನೋಡಿ. ಅದನ್ನು ಸೇರಿಸುವುದೇ ಒಳಗೆ ಹೆಚ್ಚು ಸೇರಲಿ ಅಂತ. ಅಂಥ ಗಟ್ಟಿ ಸಾರದಿಂದ ಲಿವರ್ ಕೆಟ್ಟವರ ವರದಿಗಳು ಹಲವು ದೇಶಗಳಿಂದ ಬಂದಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಪ್ರಶ್ನೆ: ಎಲ್‌ಡಿಎಲ್ 70ಕ್ಕೆ ಬಂತು, ನಾರ್ಮಲ್. ಇನ್ನು ಮಾತ್ರೆ ಬಿಟ್ಟು ಒಮೆಗಾ ಕ್ಯಾಪ್ಸೂಲ್ ಮೇಲೆ ಇರಬಹುದಲ್ಲ?

ಉತ್ತರ: 70 ಆಗಿರುವುದು ಮಾತ್ರೆ ಇರುವುದರಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೆಯ ಅಂಕಿಗೆ ವಾಪಸ್. ಒಮೆಗಾ ಕ್ಯಾಪ್ಸೂಲ್ ಎಲ್‌ಡಿಎಲ್ ಇಳಿಸುವ ಔಷಧವಲ್ಲ. ಹೆಚ್ಚಿನ ಡೋಸಿನಲ್ಲಿ ಇಳಿಸುವುದು ಟ್ರೈಗ್ಲಿಸರೈಡ್ ಅನ್ನುವ ರಕ್ತದ ಇನ್ನೊಂದು ಬಗೆಯ ಕೊಬ್ಬನ್ನು, ಅದನ್ನು ಡಾಕ್ಟರು ಬರೆದು ಕೊಡಬೇಕು.

ಪ್ರಶ್ನೆ: ರಾತ್ರಿ ಇಸಬ್‌ಗೋಲ್ ಕುಡಿದು ಮಲಗುತ್ತೇನೆ, ಅಗಸೆ ಚಟ್ನಿಪುಡಿ ರೊಟ್ಟಿಗೆ ದಿನಾ ಬೇಕು. ಅಟೊರ್ವಾಸ್ಟಾಟಿನ್ ಇದೆ. ಇವನ್ನೂ ಬಿಡಬೇಕಾ? (ಜಗಳೂರು)

ಉತ್ತರ: ಎರಡನ್ನೂ ಬಿಡಬೇಡಿ ಯಜಮಾನರೇ. ಇಸಬ್‌ಗೋಲ್ ಎಲ್‌ಡಿಎಲ್ ಅನ್ನು ಶೇ 5ರಿಂದ 10ರಷ್ಟು ತಾನೂ ಇಳಿಸುತ್ತದೆ, ಸ್ಟಾಟಿನ್ ಜೊತೆ ಕೂಡಿದರೆ ಇನ್ನೂ ಒಳ್ಳೆಯದು. ಆದರೆ ಅದು ಉಬ್ಬಿ ಲೋಳೆಯಾಗುವಾಗ ಪಕ್ಕದಲ್ಲಿರುವ ಮಾತ್ರೆಯನ್ನೂ ಸುತ್ತಿಕೊಳ್ಳಬಹುದು. ಊಟದ ಜೊತೆ ಎಂಟು ಗಂಟೆಗೆ ಮಾತ್ರೆ, ಹತ್ತು ಗಂಟೆಗೆ ಇಸಬ್‌ಗೋಲ್, ಜೊತೆಗೆ ದೊಡ್ಡ ಲೋಟ ನೀರು; ನೀರು ಕಡಿಮೆ ಮಾಡಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಚಟ್ನಿಪುಡಿಯಲ್ಲಿ ಉಪ್ಪು ಒಂದು ಹಿಡಿತದಲ್ಲಿರಲಿ, ಅಗಸೆಗೆ ಅಡ್ಡಿಯಿಲ್ಲ.